ಮುಟ್ಟಿದರೆ ಮುನಿ ಪಾಠ ಕಲಿಯುತ್ತಾ? ಮನೇಲೇ ಟೆಸ್ಟ್ ಮಾಡೋದು ಹೀಗೆ

ಗಿಡ ಯೋಚನೆ ಮಾಡುತ್ತೆ, ಇಲ್ಲ ಮಾಡಲ್ಲ ಅಂತ ಕಿತ್ತಾಡೋರಲ್ಲಿ ಎಷ್ಟು ಜನ ಒಂದು ಗಿಡದ ಮುಂದೆ ಅರ್ಧ ಗಂಟೆ ಕೂತಿದಾರೋ ನಂಗೆ ಡೌಟು. ಒಂದು ಭಾನುವಾರ ಬಿಡುವು ಮಾಡ್ಕೊಳ್ಳಿ, ಗದ್ದೆ ಬದೀಲಿ ಸಿಗೋ ಮುಟ್ಟಿದರೆ ಮುನಿ ಸಾಕು. ಮುಳ್ಳಿದೆ, ಹುಷಾರು.

ಬುಡದ ಮಣ್ಣು ಸಮೇತ ಎಬ್ಬಿಸಿ ಚಿಕ್ಕ ಪ್ಲಾಸ್ಟಿಕ್ ಪಾಟಿಗೆ ಹಾಕಿ ಎರಡು ವಾರ ಸುಮ್ನೆ ಬಿಟ್ಬಿಡಿ. ನಾನು ತಂದ ದಿನಾನೇ ಶುರು ಮಾಡಿ, ಬಾಡಿ ಮುದುಡಿದ್ ಎಲೆ ನೋಡಿ "ಹೆದರ್ಕೊಂಡಿದೆ" ಅಂತ ನೋಟ್‌ಬುಕ್ಕಲ್ಲಿ ಬೇರೆ ಬರ್ಕೊಂಡಿದ್ದೆ!

ಟೆಸ್ಟ್ ಹಗಲಲ್ಲೇ ಮಾಡಿ, ರಾತ್ರಿ ಅದು ತಾನಾಗೇ ಎಲೆ ಮುಚ್ಕೊಳತ್ತೆ. ಕೆಳಗೆ ದಪ್ಪ ಫೋಮ್ ಹಾಕಿ, ಗೋಡೆಗೆ ಸ್ಕೇಲ್ ಅಂಟಿಸಿ, ಪಾಟನ್ನ 15 ಸೆಂ.ಮೀ. ಎತ್ತರದಿಂದ ನೆಟ್ಟಗೆ ಬಿಡಿ, ವಾಲಬಾರ್ದು. ಐದೈದು ಸೆಕೆಂಡಿಗೊಂದ್ಸಲ, ಒಟ್ಟು 60 ಸಲ. ಮೊದಮೊದಲು ಪಟ್ಟಂತ ಮುಚ್ಕೊಳತ್ತೆ, ಎಲೆ ಬುಡದ ಸಣ್ಣ ಗಂಟಲ್ಲಿರೋ ಕೋಶಗಳಿಂದ ನೀರು ಹೊರಗೆ ಹೋಗೋದ್ರಿಂದ ಹಾಗಾಗೋದು, ಆಮೇಲಾಮೇಲೆ ಬೀಳ್ತಿದ್ರೂ ಕ್ಯಾರೇ ಅನ್ನದೆ ಎಲೆ ಬಿಚ್ಕೊಂಡೇ ಇರತ್ತೆ. ಆಸ್ಟ್ರೇಲಿಯಾದ ವಿಜ್ಞಾನಿ ಮೋನಿಕಾ ಗ್ಯಾಗ್ಲಿಯಾನೋ ಮತ್ತವರ ಜೊತೆಯವರು ಮಾಡಿ 2014ರಲ್ಲಿ ಪ್ರಕಟಿಸಿದ್ದು ಇದನ್ನೇ.

ಇಲ್ಲಿಗೇ ನಿಲ್ಲಿಸಿ "ನೋಡಿ, ಕಲಿತ್ಬಿಡ್ತು!" ಅನ್ನೋರೇ ಜಾಸ್ತಿ. ಸುಸ್ತಾಗಿ ಸುಮ್ನಿದ್ರೆ? ಅದಕ್ಕೇ ಕೊನೇ ಸಲ ಬಿಟ್ಟ ತಕ್ಷಣ ಪಾಟನ್ನ ಅಡ್ಡಡ್ಡ ಅಲ್ಲಾಡಿಸಿ. ಈಗ ಮುಚ್ಕೊಂಡ್ರೆ ಸುಸ್ತಲ್ಲ, ಬೀಳೋದನ್ನ ಮಾತ್ರ ಲೆಕ್ಕಕ್ಕಿಟ್ಟಿಲ್ಲ ಅಂತ. ಮುಚ್ಕೊಳ್ಳದಿದ್ರೆ ನಿಮ್ ಟೆಸ್ಟ್ ಏನೂ ಹೇಳ್ಲಿಲ್ಲ, ಗಿಡಕ್ಕೆ ರೆಸ್ಟ್ ಕೊಟ್ಟು ಇನ್ನೊಂದಿನ ನೋಡಿ. ನಾಲ್ಕು ವಾರ ಬಿಟ್ಟು ಮತ್ತೊಂದು ರೌಂಡ್ ಮಾಡಿ, ಗ್ಯಾಗ್ಲಿಯಾನೋ ಅವರ ಗಿಡಗಳಿಗೆ 28 ದಿನ ಆದ್ಮೇಲೂ ನೆನಪಿತ್ತಂತೆ. ಒಂದ್ಸಲಾನೂ ಬೀಳಿಸದ ಇನ್ನೊಂದು ಪಾಟ್ ಪಕ್ಕದಲ್ಲಿರ್ಲಿ, ಹೋಲಿಸೋಕೆ.

ಇನ್ನು ವಾದಕ್ಕೆ ಬನ್ನಿ. ಗಿಡದಲ್ಲೂ ವಿದ್ಯುತ್ ಸಂಕೇತ ಓಡತ್ತೆ ಅಂತ ಜಗದೀಶ್ ಚಂದ್ರ ಬೋಸ್ ನೂರು ವರ್ಷದ ಹಿಂದೆನೇ ಕಲ್ಕತ್ತಾದಲ್ಲಿ ಇದೇ ಗಿಡ ಇಟ್ಕೊಂಡು ತೋರಿಸಿದ್ರು. ಆದ್ರೆ ಸಸ್ಯವಿಜ್ಞಾನಿ ಲಿಂಕನ್ ಟೈಜ್ ಮತ್ತವರ ಜೊತೆಯವರು 2019ರಲ್ಲಿ, ಗಿಡಕ್ಕೆ ಪ್ರಜ್ಞೆ ಇಲ್ಲ, ಬೇಕಾಗೂ ಇಲ್ಲ ಅಂತ ಬರೆದ್ರು. ಬಟಾಣಿ ಗಿಡಾನೂ ಕಲಿಯುತ್ತೆ ಅಂದಿದ್ದ ಗ್ಯಾಗ್ಲಿಯಾನೋ ಅವರ 2016ರ ಪ್ರಯೋಗಾನ 2020ರಲ್ಲಿ ಬೇರೊಬ್ರು ಮಾಡಿ ನೋಡಿದ್ರೆ ಆ ರಿಸಲ್ಟ್ ಬರ್ಲೇ ಇಲ್ಲ. ನನ್ ಪ್ರಕಾರ "ಕಲಿಯುತ್ತೆ" ಅಂದ್ರೆ ಒಪ್ಪಬಹುದು, "ಯೋಚಿಸುತ್ತೆ" ಅಂದ್ರೆ ಸ್ವಲ್ಪ ಜಾಸ್ತಿಯಾಯ್ತು.

ಟೆಸ್ಟ್ ಮುಗೀತು ಅಂತ ಪಾಪ ಅನ್ಕೊಂಡು ಹಿತ್ತಲಲ್ಲಿ ಮಾತ್ರ ನೆಡ್ಬೇಡಿ, ಇಡೀ ಹಿತ್ತಲು ಹಬ್ಬತ್ತೆ, ಆಮೇಲೆ ಅಮ್ಮನ ಹತ್ರ ಬೈಸ್ಕೊಳ್ಳೋರು ನೀವೇ.