ಪಿಕ್ಸೆಲ್ ರೀಮಾಸ್ಟರ್‌ನ ಬೂಸ್ಟ್ ಮೆನು: ಯಾವ ಆಟಕ್ಕೆ ಎಷ್ಟು

ಜಪಾನಿನ ವಿಡಿಯೋ ಗೇಮ್ ಸರಣಿ ಫೈನಲ್ ಫ್ಯಾಂಟಸಿಯ ಮೊದಲ ಆರು ಆಟಗಳ ಹೊಸ ಆವೃತ್ತಿ, ಪಿಕ್ಸೆಲ್ ರೀಮಾಸ್ಟರ್, 2021–22ರಲ್ಲಿ ಪಿಸಿ ಮತ್ತು ಮೊಬೈಲ್‌ಗೆ ಬಂತು. 2023ರ ಏಪ್ರಿಲ್‌ನಲ್ಲಿ ಸ್ವಿಚ್ ಮತ್ತು ಪಿಎಸ್4ಗೆ, 2024ರ ಸೆಪ್ಟೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ ಬಂತು. ಕನ್ಸೋಲ್‌ಗೆ ಬರುವಾಗ ಕಾನ್ಫಿಗ್ ಒಳಗೆ ಬೂಸ್ಟ್ ಎಂಬ ಮೆನು ಸೇರಿತು. ಕಾಳಗದಲ್ಲಿ ಸಿಗುವ ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ), ಗಿಲ್ (ಆಟದೊಳಗಿನ ಹಣ) ಇತ್ಯಾದಿಗಳನ್ನು ಅಲ್ಲಿ ಸೊನ್ನೆಯಿಂದ ನಾಲ್ಕು ಪಟ್ಟಿನವರೆಗೆ ಬದಲಿಸಬಹುದು. ದಾರಿಯಲ್ಲಿ ಏಕಾಏಕಿ ಎದುರಾಗುವ ಕಾಳಗಗಳನ್ನು, ಅಂದರೆ ಎನ್‌ಕೌಂಟರ್‌ಗಳನ್ನು, ಬಲಗಡೆ ಸ್ಟಿಕ್ ಒತ್ತಿ ನಿಲ್ಲಿಸಲೂಬಹುದು.

ಈ ಮೆನುವನ್ನು ಆಟ ನೋಡಿಕೊಂಡು ಬಳಸಬೇಕು. ಆರು ಆಟಗಳಲ್ಲಿ ಪಾತ್ರಗಳು ಬೆಳೆಯುವ ಬಗೆ ಬೇರೆ ಬೇರೆ. ಎಲ್ಲದಕ್ಕೂ ಕಣ್ಣುಮುಚ್ಚಿ 4 ಪಟ್ಟು ಇಟ್ಟರೆ ಕೆಲವು ಆಟ ಸಪ್ಪೆಯಾಗುತ್ತವೆ. ಆರನೆಯದರಲ್ಲಂತೂ ಆಗುವ ನಷ್ಟವನ್ನು ಆಮೇಲೆ ತುಂಬಿಕೊಳ್ಳಲು ಆಗುವುದಿಲ್ಲ.

ಎಲ್ಲ ಆಟಕ್ಕೂ ಒಪ್ಪುವ ಸೆಟ್ಟಿಂಗ್‌ಗಳನ್ನು ಮೊದಲು ಹೇಳಿಬಿಡುತ್ತೇನೆ. ಫಾಂಟನ್ನು ಪಿಕ್ಸೆಲ್ ಮಾದರಿಗೆ ಬದಲಿಸಿಕೊಳ್ಳಿ. ಮೊದಲು ಕೊಟ್ಟಿದ್ದ ಸಪೂರ ಅಕ್ಷರ ಈ ಚಿತ್ರಗಳಿಗೆ ಹೊಂದುವುದೂ ಇಲ್ಲ, ಸೋಫಾದಿಂದ ಓದಲು ಕಣ್ಣಿಗೂ ಕಷ್ಟ. ಸಂಗೀತಕ್ಕೆ ಮೂಲದ್ದು, ಹೊಸದಾಗಿ ನುಡಿಸಿದ್ದು ಎರಡೂ ಇವೆ. ಹೊಸದು ಮೂಲ ಸಂಗೀತಕಾರ ನೊಬುವೊ ಉಯೆಮಾತ್ಸು ಅವರೇ ನಿಗಾ ವಹಿಸಿ ಮಾಡಿಸಿದ್ದು, ನಾನು ಕೇಳುವುದು ಅದನ್ನೇ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಆಟೋ ಬ್ಯಾಟಲ್ ಬಗ್ಗೆ ಒಂದು ಎಚ್ಚರಿಕೆ: ಅದು ಯೋಚಿಸಿ ಆಡುವುದಿಲ್ಲ, ಪ್ರತಿ ಪಾತ್ರ ಕಡೆಯದಾಗಿ ಮಾಡಿದ್ದನ್ನೇ ಮತ್ತೆ ಮಾಡುತ್ತದೆ. ಹಿಂದಿನ ಸರದಿಯಲ್ಲಿ ದೊಡ್ಡ ಮಂತ್ರ ಹಾಕಿಸಿದ್ದರೆ ಅದನ್ನೇ ಹಾಕುತ್ತಾ ಹೋಗಿ, ಬಾಸ್, ಅಂದರೆ ದೊಡ್ಡ ಶತ್ರುವಿನ ಎದುರು ನಿಲ್ಲುವ ಹೊತ್ತಿಗೆ ಮಂತ್ರಶಕ್ತಿ ಖಾಲಿಯಾಗಿರುತ್ತದೆ. ಒಂದು ಸುತ್ತು ಎಲ್ಲರಿಂದಲೂ ಸಾದಾ ಹೊಡೆತ ಹೊಡೆಸಿ, ಆಮೇಲೆ ಆಟೋ ಒತ್ತಿ.

ಒಂದನೆಯ ಆಟದಲ್ಲಿ ಕೈ ಕಟ್ಟಿಹಾಕುವುದು ಹಣ. ಮಂತ್ರಗಳನ್ನು ಅಂಗಡಿಯಲ್ಲಿ ಒಂದೊಂದಾಗಿ, ಒಬ್ಬೊಬ್ಬರಿಗೂ ಕೊಳ್ಳಬೇಕು. ಹಾಗಾಗಿ ಗಿಲ್ 2 ಪಟ್ಟು, ಎಕ್ಸ್‌ಪಿ 1 ಸಾಕು. ಎಕ್ಸ್‌ಪಿ ಏರಿಸಿದರೆ ಮಂತ್ರಗಳನ್ನು ಇಷ್ಟೇ ಸಲ ಹಾಕಬಹುದು ಎಂಬ ಬಿಗಿ ಸಡಿಲವಾಗುತ್ತದೆ. ಈ ಆಟದ ಸ್ವಾರಸ್ಯವೇ ಆ ಬಿಗಿಯಲ್ಲಿದೆ.

ಎರಡನೆಯದರಲ್ಲಿ ಲೆವೆಲ್ ಎಂಬುದೇ ಇಲ್ಲ. ಬಳಸಿದ ಆಯುಧ ಪಳಗುತ್ತದೆ, ಹಾಕಿದ ಮಂತ್ರ ಬಲಿಯುತ್ತದೆ. ಎನ್‌ಕೌಂಟರ್ ಪೂರ್ತಿ ನಿಲ್ಲಿಸಿದರೆ ಬೆಳವಣಿಗೆಯೂ ಪೂರ್ತಿ ನಿಲ್ಲುತ್ತದೆ. ಆದರೆ ಇದರ ಡಂಜನ್‌ಗಳಲ್ಲಿ, ಅಂದರೆ ಶತ್ರುಗಳಿರುವ ಗುಹೆ-ಕೋಟೆಗಳಲ್ಲಿ, ಬಾಗಿಲು ತೆರೆದರೆ ಖಾಲಿ ಕೋಣೆಯ ನಟ್ಟನಡುವೆ ತಂದು ನಿಲ್ಲಿಸುವ ಬಲೆಗಳಿವೆ. ಅಲ್ಲಿಂದ ಬಾಗಿಲಿಗೆ ಮರಳುವಷ್ಟರಲ್ಲಿ ಕಾಳಗದ ಮೇಲೆ ಕಾಳಗ. ನಾನು ಸ್ಟಿಕ್ ಒತ್ತುವುದು ಆ ಕೋಣೆಗಳಲ್ಲಿ ಮಾತ್ರ, ಹೊರಗೆ ಬಂದ ಕೂಡಲೇ ಮತ್ತೆ ಶುರು ಮಾಡುತ್ತೇನೆ. ಭಾರದ ಕವಚ ತೊಡಿಸಬೇಡಿ, ಹೊಡೆತ ತಪ್ಪಿಸಿಕೊಳ್ಳುವ ಗುಣ ಕುಸಿಯುತ್ತದೆ. ಈ ಆಟದಲ್ಲಿ ಆ ಗುಣವೇ ನಿಜವಾದ ರಕ್ಷಣೆ.

ಮೂರನೆಯದರಲ್ಲಿ ಬೂಸ್ಟ್‌ಗಿಂತ ಕ್ವಿಕ್ ಸೇವ್ ದೊಡ್ಡ ಉಪಕಾರ. ನಿಂಟೆಂಡೊದ ಹಳೆಯ ಕನ್ಸೋಲ್ ಫ್ಯಾಮಿಕಾಮ್‌ಗೆ ಬಂದ 1990ರ ಆವೃತ್ತಿಯ ಕೊನೆಯ ಡಂಜನ್‌ನಲ್ಲಿ ಎಲ್ಲೂ ಸೇವ್ ಮಾಡುವಂತಿರಲಿಲ್ಲ, ಸೋತರೆ ಗಂಟೆಗಟ್ಟಲೆ ಆಡಿದ್ದು ನೀರಿನಲ್ಲಿ ಹೋಮ. ಈಗ ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ನಾಲ್ಕನೆಯದಕ್ಕೆ ಎಲ್ಲವೂ 1 ಇರಲಿ, ಅದರ ಬಾಸ್‌ಗಳ ಹದ ಮೊದಲೇ ಸರಿಯಾಗಿದೆ. ಪಿಂಕ್ ಟೇಲ್‌ನಂಥ ಅಪರೂಪದ ವಸ್ತು ಸಿಗುವ ಸಾಧ್ಯತೆ ಯಾವ ಬೂಸ್ಟ್‌ನಿಂದಲೂ ಹೆಚ್ಚುವುದಿಲ್ಲ. ಅದಕ್ಕೆ ಸೈರನ್ ಎಂಬ ವಸ್ತು ಬಳಸಿ ಅದನ್ನು ಬಿಟ್ಟುಹೋಗುವ ಶತ್ರು ಫ್ಲಾನ್ ಪ್ರಿನ್ಸೆಸ್‌ಗಳನ್ನು ಕರೆಸಿಕೊಳ್ಳುವುದೇ ಸುಲಭದ ದಾರಿ. ಐದನೆಯದರಲ್ಲಿ ಎಕ್ಸ್‌ಪಿ 1, ಜಾಬ್, ಅಂದರೆ ಪಾತ್ರದ ವೃತ್ತಿ, ಕಲಿಯುವ ಅಂಕವಾದ ಎಬಿಪಿ 2. ಪೂರ್ತಿ ಕಲಿತ ಜಾಬ್‌ಗಳ ಗುಣ ಫ್ರೀಲ್ಯಾನ್ಸರ್ ಎಂಬ ಜಾಬ್‌ಗೆ ಬಂದು ಸೇರುವುದರಿಂದ, ಜಾಬ್ ಬೇಗ ಮುಗಿದಷ್ಟೂ ಹೊಸ ಜೋಡಣೆಗಳನ್ನು ಪರೀಕ್ಷಿಸಲು ಸಿಗುತ್ತದೆ.

ಇನ್ನು ಆರನೆಯದು. ಇದರಲ್ಲಿ 4 ಪಟ್ಟು ಎಕ್ಸ್‌ಪಿ ಹಾಕಲೇಬಾರದು ಎನ್ನುವುದಕ್ಕೆ ಕಾರಣ ಮ್ಯಾಜಿಸೈಟ್, ಅಂದರೆ ಪಾತ್ರಗಳು ಬಳಿಯಿಟ್ಟುಕೊಂಡು ಮಂತ್ರ ಕಲಿಯುವ ಕಲ್ಲು. ಪಾತ್ರದ ಲೆವೆಲ್ ಏರುವ ಹೊತ್ತಿಗೆ ಅದರ ಬಳಿ ಯಾವ ಮ್ಯಾಜಿಸೈಟ್ ಇದೆಯೋ ಅದಕ್ಕೆ ತಕ್ಕ ಬೋನಸ್ ಸಿಗುತ್ತದೆ: ಇಫ್ರಿಟ್ ಇದ್ದರೆ ಬಲ 1, ಜೋನಾ ಸೀಕರ್ ಇದ್ದರೆ ಮ್ಯಾಜಿಕ್ 2. ಮ್ಯಾಜಿಸೈಟ್ ಇಲ್ಲದೆ ಏರಿದ ಲೆವೆಲ್‌ಗೆ ಬೋನಸ್ ಇಲ್ಲ, ಲೆವೆಲ್ 99ರ ಆಚೆ ಏರಲು ಜಾಗವೂ ಇಲ್ಲ. ಮೊದಲ ಮ್ಯಾಜಿಸೈಟ್ ಸಿಗುವುದೇ ಜೋಜೊ ಊರು ಮುಗಿದ ಮೇಲೆ. ಅದಕ್ಕೂ ಮೊದಲು ದುಡುಕಿ ಏರಿಸಿದ ಲೆವೆಲ್ ಎಲ್ಲ ವ್ಯರ್ಥ. ಇನ್ನೊಂದು ಪೆಟ್ಟೂ ಇದೆ. ಹೊಸದಾಗಿ ಸೇರುವ ಪಾತ್ರದ ಲೆವೆಲ್ ಅಷ್ಟುಹೊತ್ತಿಗೆ ನಿಮ್ಮ ಪಾರ್ಟಿಯ ಸರಾಸರಿಗೆ ತಕ್ಕಂತೆ ನಿಗದಿಯಾಗುತ್ತದೆ. ಸರಾಸರಿ ಏರಿದ್ದರೆ ತಡವಾಗಿ ಬರುವ ಸ್ಟ್ರೇಗೊ, ರೆಲ್ಮ್ ಇಬ್ಬರೂ ಅಷ್ಟು ಲೆವೆಲ್‌ಗಳ ಬೋನಸ್ ಕಳೆದುಕೊಂಡೇ ಬರುತ್ತಾರೆ. ಇಬ್ಬರೂ ಮಂತ್ರವಾದಿಗಳು, ಮ್ಯಾಜಿಕ್ ಬೋನಸ್ ಹೆಚ್ಚು ಬೇಕಾದವರೇ ಅವರು.

ನಾನು ಆಡುವ ಕ್ರಮ ಹೀಗೆ. ಜೋಜೊವರೆಗೆ ಎಕ್ಸ್‌ಪಿ ಅರ್ಧ. ಎಡ್ಗರ್‌ನ ಆಟೋ ಕ್ರಾಸ್‌ಬೋ, ಸೇಬಿನ್‌ನ ಬ್ಲಿಟ್ಜ್ ಇರುವಾಗ ಲೆವೆಲ್ ಕಡಿಮೆಯಾದರೂ ದಾರಿ ಸಾಗುತ್ತದೆ. ವರ್ಗಾಸ್ ಎಂಬ ಬಾಸ್ ಎದುರು ರೇಜಿಂಗ್ ಫಿಸ್ಟ್ ಎಂಬ ಬ್ಲಿಟ್ಜ್ ಹಾಕಲೇಬೇಕು: ಎಡ, ಬಲ, ಎಡ, ಆಮೇಲೆ ಒಪ್ಪಿಗೆಯ ಗುಂಡಿ. ಇದಕ್ಕೆ ಡಿ-ಪ್ಯಾಡ್ ಬಳಸಿ. ಸ್ಟಿಕ್ ಹೊರಳಿಸುವಾಗ ಮೂಲೆಯ ದಿಕ್ಕೂ ದಾಖಲಾಗಿ ಬ್ಲಿಟ್ಜ್ ಹುಸಿಯಾಗುತ್ತದೆ.

ಜೋಜೊ ಮುಗಿದ ಕೂಡಲೇ ಎಕ್ಸ್‌ಪಿ 0, ಮಂತ್ರ ಕಲಿಯುವ ಎಪಿ 2. ರಾಮು ಮ್ಯಾಜಿಸೈಟ್‌ನಲ್ಲಿ ಥಂಡರ್‌ಗೆ 10, ಥಂಡಾರಾಗೆ 2 ಎಂಬ ದರವಿದೆ. ಗಳಿಸಿದ ಎಪಿಯನ್ನು ದರದಿಂದ ಗುಣಿಸಿ 100 ತಲುಪಿದರೆ ಮಂತ್ರ ಕೈಗೆ ಬಂದಂತೆ. ಅಂದರೆ ಥಂಡರ್‌ಗೆ 10 ಎಪಿ, ಥಂಡಾರಾಗೆ 50. ಮ್ಯಾಜಿಟೆಕ್ ಕಾರ್ಖಾನೆ ಮುಗಿದ ಮೇಲೆ ಜಿಡೂರ್ ಊರಿನ ಹರಾಜಿನಲ್ಲಿ ಜೋನಾ ಸೀಕರ್ 10,000 ಗಿಲ್‌ಗೆ, ಗೋಲೆಮ್ ಎಂಬ ಮ್ಯಾಜಿಸೈಟ್ 20,000 ಗಿಲ್‌ಗೆ ಬರುತ್ತವೆ. ಹರಾಜಿಗೆ ಏನು ಬರುತ್ತದೆ ಎಂಬುದು ಅದೃಷ್ಟ, ಬೇರೆ ಸರಕು ಬಂದರೆ ಹೊರಗೆ ಹೋಗಿ ಮತ್ತೆ ಒಳಗೆ ಬನ್ನಿ. ಈ ಆಟದಲ್ಲಿ ಗಿಲ್ ಬೂಸ್ಟ್ ಏರಿಸಬೇಕಾದ ಜಾಗ ಇದೊಂದೇ. ಜೋನಾ ಸೀಕರ್ ಸಿಕ್ಕ ಮೇಲೆ ಎಕ್ಸ್‌ಪಿ 1ಕ್ಕೆ ತನ್ನಿ. ಇರುವುದು ಒಂದೇ ಕಲ್ಲು, ಆದ್ದರಿಂದ ಯಾರ ಲೆವೆಲ್ ಏರಲು ಸ್ವಲ್ಪವೇ ಬಾಕಿ ಇದೆಯೋ ಅವರಿಗೆ ಕೊಟ್ಟು, ಏರಿದ ಮೇಲೆ ಮುಂದಿನವರಿಗೆ ದಾಟಿಸುತ್ತಾ ಹೋಗಿ.

ಎನ್‌ಕೌಂಟರ್ ನಿಲ್ಲಿಸಿದರೆ ಇಲ್ಲಿ ಹೆಚ್ಚು ಸೊರಗುವವನು ಗಾವ್ ಎಂಬ ಪಾತ್ರ. ಅವನು ರೇಜ್, ಅಂದರೆ ಶತ್ರುಗಳಂತೆ ಕಾದುವ ವಿದ್ಯೆ, ಕಲಿಯುವುದು ವೆಲ್ಟ್ ಬಯಲಿನಲ್ಲಿ. ಅಲ್ಲಿ ಬರುವುದು ನೀವು ಈಗಾಗಲೇ ಬೇರೆಡೆ ಎದುರಿಸಿದ ಗುಂಪುಗಳು ಮಾತ್ರ. ಗುಹೆಗಳನ್ನು ಸ್ಟಿಕ್ ಒತ್ತಿ ದಾಟಿಕೊಂಡೇ ಬಂದಿದ್ದರೆ ಆ ಪಟ್ಟಿ ಬಡವಾಗಿರುತ್ತದೆ. ಅದಕ್ಕೇ ಪ್ರತಿ ಹೊಸ ಜಾಗದಲ್ಲಿ ಎಲ್ಲ ಬಗೆಯ ಗುಂಪನ್ನೂ ಒಮ್ಮೆಯಾದರೂ ಎದುರಿಸಿ, ಪೆಟ್ಟಿಗೆ ಹುಡುಕಲು ಹಿಂದಕ್ಕೆ ನಡೆಯುವಾಗಷ್ಟೇ ನಿಲ್ಲಿಸುತ್ತೇನೆ. ವೆಲ್ಟ್‌ನಲ್ಲಿ ಎಕ್ಸ್‌ಪಿ ಸಿಗುವುದಿಲ್ಲ, ಎಪಿ ಸಿಗುತ್ತದೆ. ಲೆವೆಲ್ ಏರಿಸದೆ ಮಂತ್ರ ಕಲಿಯುವ ಈ ಸೌಕರ್ಯವನ್ನು 1994ರಲ್ಲೇ ಆಟದೊಳಗೆ ಇಟ್ಟಿದ್ದರು, ಈಗಲೂ ಬೂಸ್ಟ್‌ಗಿಂತ ನನಗೆ ಅದೇ ಹೆಚ್ಚು ಇಷ್ಟ. ರೇಜ್ ಕಲಿಯಲು ಗಾವ್ ಶತ್ರುಗಳತ್ತ ಜಿಗಿದು ಹೋದ ಮೇಲೆ ಮರಳಿ ಬರಲು ಪಾರ್ಟಿಯಲ್ಲಿ ಒಂದು ಜಾಗ ಖಾಲಿ ಇರಬೇಕು.

ಯಾವ ಬೂಸ್ಟೂ ನೆರವಾಗದ ಎರಡು ಕಡೆಗಳಿವೆ. ತೇಲುವ ಖಂಡದ ಕೊನೆಯಲ್ಲಿ 6 ನಿಮಿಷದ ಗಡಿಯಾರ ಓಡುತ್ತದೆ. ಅಂಚಿಗೆ ಬಂದಾಗ ಹಾರಬೇಡಿ, ಕಾಯುವುದನ್ನು ಆರಿಸಿ, 5 ಸೆಕೆಂಡ್ ಉಳಿಯುವವರೆಗೆ ನಿಲ್ಲಿ. ಆಗ ಜೊತೆಗಾರ ಶ್ಯಾಡೋ ಬರುತ್ತಾನೆ. ಅವಸರಪಟ್ಟರೆ ಅವನು ಮತ್ತೆ ಸಿಗುವುದಿಲ್ಲ. ಎರಡನೆಯದು ಶಾಪಗ್ರಸ್ತ ಗುರಾಣಿ, ಕರ್ಸ್‌ಡ್ ಶೀಲ್ಡ್. ಅದನ್ನು ತೊಟ್ಟು 256 ಕಾಳಗ ಮುಗಿಸಿದರೆ ಅಲ್ಟಿಮಾ ಮಂತ್ರ ಕಲಿಸುವ ಪ್ಯಾಲಡಿನ್ಸ್ ಶೀಲ್ಡ್ ಆಗುತ್ತದೆ. ಲೆಕ್ಕ ಕಾಳಗಗಳದ್ದು, ಅಂಕಗಳದ್ದಲ್ಲ. ತೊಟ್ಟವರಿಗೆ ರಿಬ್ಬನ್ ಕಟ್ಟಿ, ಎಕ್ಸ್‌ಪಿಯನ್ನು ಸೊನ್ನೆಗಿಳಿಸಿ, ಸುಲಭದ ಶತ್ರುಗಳಿರುವ ಕಡೆ ಆಟೋ ಬ್ಯಾಟಲ್ ಹಾಕಿ. ಶುರು ಮಾಡುವ ಮೊದಲು ಬೇರೆ ಸ್ಲಾಟ್‌ನಲ್ಲಿ ಕೈಯಾರೆ ಸೇವ್ ಮಾಡಿಡಿ, ಆಟೋ ಸೇವ್ ಜಾಗ ಬದಲಾದಾಗಲೆಲ್ಲ ತನ್ನ ಹಳೆಯದನ್ನು ಅಳಿಸಿಕೊಳ್ಳುತ್ತದೆ.