ಅಮ್ಮಮ್ಮನ ಫೋನಿಗೆ ಉತ್ತರ ಕೊಡುವಷ್ಟು ತಮಿಳು

ಟೊರೊಂಟೊದ ಸ್ಕಾರ್ಬರೊದಲ್ಲಿ ನಮ್ಮ ಪಕ್ಕದ ಮನೆಯವರು ಜಾಫ್ನಾ ತಮಿಳರು. 1983ರ ಗಲಭೆಯ ನಂತರ ಶ್ರೀಲಂಕಾ ಬಿಟ್ಟು ಬಂದವರು. ಅವರ ಏಳು ವರ್ಷದ ಮೊಮ್ಮಗನಿಗೆ ತಮಿಳಿನ 247 ಅಕ್ಷರಗಳ ಚಾರ್ಟ್ ಬಾಯಿಪಾಠ. ಆದರೆ ಊರಿನಿಂದ ಅಮ್ಮಮ್ಮ (ಅಮ್ಮನ ಅಮ್ಮ) ಫೋನ್ ಮಾಡಿ ‘ಸಾಪ್ಪಿಟ್ಟಿಯೋ?’ (ಊಟ ಮಾಡಿದೆಯಾ?) ಅಂದರೆ ‘ಯಾ’ ಅಂದು ಫೋನನ್ನು ಅಮ್ಮನ ಕೈಗೆ ದಾಟಿಸುತ್ತಾನೆ.

ಹಾಗಾಗಿ ಮಗುವಿಗೆ ಮನೆಮಾತು ಕಲಿಸುವ ಮೊದಲ ಹೆಜ್ಜೆ, ಚಾರ್ಟ್ ಸುತ್ತಿ ಅಟ್ಟಕ್ಕೆ ಹಾಕಿ. ತಮಿಳಿನಲ್ಲಿ ಬರೆಯುವ ಭಾಷೆಯೇ ಬೇರೆ, ಆಡುವ ಭಾಷೆಯೇ ಬೇರೆ. ಮನೆಗೆ ಹೋಗುತ್ತೇನೆ ಅನ್ನೋದನ್ನು ಪುಸ್ತಕ ‘ವೀಟ್ಟಿರ್ಕುಚ್ ಚೆಲ್ಗಿರೇನ್’ ಅನ್ನುತ್ತದೆ. ಚೆನ್ನೈನವರ ಬಾಯಲ್ಲಿ ಅದು ‘ವೀಟ್ಟುಕ್ಕು ಪೋರೇನ್’. ಕ್ಲಾಸಲ್ಲಿ ಕಲಿತದ್ದು ಮನೆಯಲ್ಲಿ ಕೇಳಿಸದಿದ್ದರೆ ಮಗು ಏನು ತಾನೇ ಮಾಡೀತು?

ಎರಡನೆಯದು, ಯಾರ ತಮಿಳು ಅಂತ ತೀರ್ಮಾನಿಸಿ. ಜಾಫ್ನಾದವರು ಹೌದು ಅನ್ನಲು ‘ಓಮ್’ ಅನ್ನುತ್ತಾರೆ, ತಮಿಳುನಾಡಿನವರು ‘ಆಮಾ’. ಮಾತಾಡುವುದಕ್ಕೆ ಜಾಫ್ನಾದವರು ‘ಕದೈ’ ಅಂದರೆ ತಮಿಳುನಾಡಿನವರು ‘ಪೇಸು’. ಸಿನಿಮಾ, ಸೀರಿಯಲ್ಲಿನ ತಮಿಳೇ ಸರಿ ಅಂತ ಮನೆಮಾತನ್ನು ತಿದ್ದಲು ಹೋಗಬೇಡಿ. ಫೋನಿನ ಆ ಕಡೆ ಇರೋದು ಅಮ್ಮಮ್ಮ, ಹೀರೋ ಅಲ್ಲ!

ಆಮೇಲೆ ದಿನದ ಒಂದು ಕೆಲಸ ಹಿಡಿಯಿರಿ. ‘ಇವತ್ತಿಂದ ಮನೇಲಿ ಬರೀ ತಮಿಳು’ ಅನ್ನೋ ಕಾನೂನು ಮೂರು ದಿನ ಬಾಳಲ್ಲ. ಪಕ್ಕದ ಮನೆಯಲ್ಲಿ ಆರಿಸಿಕೊಂಡಿದ್ದು ಪುಟ್ಟು ಎಂಬ ಹಿಟ್ಟಿನ ತಿಂಡಿ ಮಾಡುವ ಹೊತ್ತು. ಅಜ್ಜಿ ಹಿಟ್ಟು ಕಲಸುತ್ತಾರೆ, ಹುಡುಗ ಬಟ್ಟಲು ಹಿಡಿದು ನಿಲ್ಲುತ್ತಾನೆ. ‘ತೇಂಗಾಯ್ಪ್ಪೂ ಪೋಡು.’ ನಮ್ಮ ಕಿವಿಗೆ ತೆಂಗಿನ ಹೂವು, ಅವರಿಗೆ ತುರಿದ ಕಾಯಿ. ‘ಇನ್ನುಂ ಕೊಂಜಂ.’ ಇನ್ನೂ ಸ್ವಲ್ಪ. ‘ಪೋದುಂ.’ ಸಾಕು. ನಾಲ್ಕು ವಾರ ಇವೇ ಮಾತು. ಐದನೇ ವಾರ ಐಸ್‌ಕ್ರೀಂ ತಟ್ಟೆ ಚಾಚಿ ಹುಡುಗನೇ ‘ಇನ್ನುಂ ಕೊಂಜಂ’ ಅಂದ.

ತಪ್ಪಿದರೆ ನಗಬೇಡಿ. ಅಮ್ಮ ಬಂದಳು ಅನ್ನಲು ‘ಅಮ್ಮಾ ವಂದಾನ್’ (ಅಮ್ಮ ಬಂದನು) ಅಂದನೇ? ‘ಓಮ್, ಅಮ್ಮಾ ವಂದಾ’ ಅಂತ ಸರಿಯಾದದ್ದನ್ನು ಹೇಳಿ ಮಾತು ಮುಂದುವರಿಸಿ. ಮಾವ, ಚಿಕ್ಕಪ್ಪಂದಿರಿಗೆ ಇದನ್ನು ಮೊದಲೇ ಹೇಳಿಡಿ, ಜಾಸ್ತಿ ನಗೋದು ಅವರೇ.

ಮಾತು ಹರಿದ ಮೇಲೆ ಅಕ್ಷರ. ಆಗ ಚಾರ್ಟ್ ಇಳಿಸಿ. 12 ಸ್ವರ, 18 ವ್ಯಂಜನ, ಆಯ್ದಂ ಎಂಬ ಒಂದು ವಿಶೇಷ ಅಕ್ಷರ, ಉಳಿದ 216 ಗುಣಿತಾಕ್ಷರಗಳು. ಅಷ್ಟನ್ನೂ ಉರು ಹೊಡೆಸಬೇಕಿಲ್ಲ. ನಮ್ಮ ಹಾಗೆ ಪ, ಬ ಅಂತ ಬೇರೆ ಬೇರೆ ಅಕ್ಷರಗಳೂ ಇಲ್ಲ. ಪಾಲ್ ಅಂದರೆ ಹಾಲು. ಅದಕ್ಕೂ ಬಸ್ಸಿಗೂ ಮೊದಲ ವ್ಯಂಜನ ಒಂದೇ. ಮಾತು ಗೊತ್ತಿದ್ದ ಮಗು ಯಾವುದನ್ನು ಹೇಗೆ ಓದಬೇಕೆಂದು ತಾನೇ ಊಹಿಸುತ್ತದೆ.

ಕೊನೆಗೆ ಕ್ಲಾಸ್. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 23 ಮಕ್ಕಳ ಹೆತ್ತವರು ಬರೆದು ಕೇಳಿದರೆ ಸ್ಕೂಲ್ ಬೋರ್ಡ್ ಆ ಭಾಷೆಯ ಕ್ಲಾಸ್ ನಡೆಸಬೇಕು. ಕನ್ನಡಕ್ಕೂ ಇದೇ ನಿಯಮ, ಅರ್ಜಿ ಹಾಕುವವರು ಬೇಕಷ್ಟೆ. ಶಾಲಾ ವರ್ಷದಲ್ಲಿ ಸಿಗೋದು ವಾರಕ್ಕೆ ಹೆಚ್ಚೆಂದರೆ ಎರಡೂವರೆ ಗಂಟೆ. ಟೀಚರ್ ‘ಆಮಾ’ ಅನ್ನುವವರಾಗಿದ್ದರೆ, ‘ಓಮ್’ ಕೂಡ ತಪ್ಪಲ್ಲ ಅಂತ ಮಗುವಿಗೆ ಮೊದಲೇ ಹೇಳಿ ಕಳಿಸಿ.