ಕಾವೂರಿನ ಹುಡುಗ, ಇಲೋಯ್ಲೋದ ಹುಡುಗಿ: ನಮ್ಮ ಮದುವೆ ಮತ್ತು ವೀಸಾದ ಕಾಗದಗಳು

ವೀಸಾ ಸಿಗುತ್ತದೋ ಇಲ್ಲವೋ ಎಂಬ ಚಿಂತೆಗಿಂತ ನಮ್ಮನ್ನು ಹೆಚ್ಚು ಕಾಡಿದ್ದು ತಾರೀಕುಗಳು. ಪ್ರತಿ ಕಾಗದಕ್ಕೂ ಒಂದು ಆಯುಸ್ಸು ಇರುತ್ತದೆ. ಒಂದು ಕೈಗೆ ಬರುವ ಹೊತ್ತಿಗೆ ಇನ್ನೊಂದರ ಅವಧಿ ಮುಗಿದಿದ್ದರೆ ಮತ್ತೆ ಮೊದಲಿನಿಂದ ಶುರು. ಎರಡು ದೇಶದ ಪಾಸ್‌ಪೋರ್ಟ್ ಹಿಡಿದು, ಮೂರನೆಯ ದೇಶದಲ್ಲಿ ಸಂಬಳ ಎಣಿಸುವ ಜೋಡಿಗೆ ಇದು ಇನ್ನೂ ಕಷ್ಟ.

ನನ್ನ ಹೆಂಡತಿ ಫಿಲಿಪೈನ್ಸ್‌ನ ಇಲೋಯ್ಲೋದವಳು, ನರ್ಸ್. ನಾನು ಮಂಗಳೂರಿನ ಕಾವೂರಿನವ. ದುಬೈಯಲ್ಲಿ ದುಡಿಯುತ್ತಿದ್ದಾಗ ಪರಿಚಯ. ಅಪ್ಪನಿಗೆ ಹೃದಯದ ಆಪರೇಷನ್ ಆದ ಮೇಲೆ ನಾನು ಕೆಲಸ ಬಿಟ್ಟು ಊರಿಗೆ ಬಂದೆ, ಅವಳು ಅಲ್ಲೇ ಉಳಿದಳು. ಗಲ್ಫಿಗೆ ಹೋದ ನಮ್ಮ ಕರಾವಳಿಯ ಹುಡುಗ ಹುಡುಗಿಯರಲ್ಲಿ ಇಂಥ ಜೋಡಿಗಳು ಬೇಕಾದಷ್ಟಿವೆ. ಅವರಿಗೆ ವಾಟ್ಸ್ಆ್ಯಪ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿ ತಲೆ ಕೆಡಿಸುತ್ತಾರೆ. ಅದಕ್ಕಾಗಿ ನಾವು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ, ಮದುವೆ ಎಲ್ಲಿ ಎಂಬುದು. ಅಬುಧಾಬಿಯಲ್ಲಿ ಮುಸ್ಲಿಮೇತರರಿಗೆ 2021ರ ಕಾನೂನಿನಿಂದ ಸಿವಿಲ್ ಮದುವೆಯ ದಾರಿ ತೆರೆದಿದೆ, ಬೇಗ ಮುಗಿಯುತ್ತದೆ. ಫಿಲಿಪೈನ್ಸ್‌ನಲ್ಲಾದರೆ ಮದುವೆ ಲೈಸೆನ್ಸಿಗೆ ಅರ್ಜಿ ಕೊಟ್ಟು, ಅದು 10 ದಿನ ನೋಟಿಸ್ ಬೋರ್ಡಿನಲ್ಲಿದ್ದ ಮೇಲೆ ಲೈಸೆನ್ಸ್ ಕೈಗೆ ಬರುತ್ತದೆ. ಆಮೇಲೆ 120 ದಿನದೊಳಗೆ ಆ ದೇಶದಲ್ಲಿ ಎಲ್ಲಿ ಬೇಕಾದರೂ ಮದುವೆಯಾಗಬಹುದು. ಅದಕ್ಕೂ ಮುಂಚೆ, ನನಗೆ ಮದುವೆಯಾಗಲು ಕಾನೂನಿನ ಅಡ್ಡಿ ಇಲ್ಲ ಎಂದು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಿಂದ ಪ್ರಮಾಣಪತ್ರ ತರಬೇಕು. ಅಪ್ಪನನ್ನು ಬಿಟ್ಟು ಅಷ್ಟು ದಿನ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ. ಮುಂದೆ ನಾವು ಬಾಳುವುದು ಮಂಗಳೂರಿನಲ್ಲಿ ಎಂದು ಇಬ್ಬರೂ ಮೊದಲೇ ತೀರ್ಮಾನಿಸಿದ್ದೆವು. ಬಾಳುವ ಊರಿನಲ್ಲೇ ಮದುವೆ ರಿಜಿಸ್ಟರ್ ಆಗಿದ್ದರೆ ಮುಂದಿನ ವೀಸಾ ಕೆಲಸದಲ್ಲಿ ಒಂದು ಸುತ್ತು ಅಟೆಸ್ಟೇಶನ್ ತಪ್ಪುತ್ತದೆ. ಈ ಒಂದು ಕಾರಣಕ್ಕೇ ನಾನು ಯಾರಿಗಾದರೂ ಇದೇ ಸಲಹೆ ಕೊಡುತ್ತೇನೆ.

ನಾನು ಹಿಂದು, ಅವಳು ಕ್ಯಾಥೊಲಿಕ್. ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆ. ಅದರ ಪ್ರಕಾರ ಇಬ್ಬರಲ್ಲಿ ಒಬ್ಬರಾದರೂ, ಮದುವೆಯಾಗುತ್ತೇವೆ ಎಂದು ವಿವಾಹ ನೋಂದಣಿ ಕಚೇರಿಗೆ ನೋಟಿಸ್ ಕೊಡುವ ಮುಂಚೆ ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ನಾನಿದ್ದೆ, ಅದು ಸಾಕು. ನೋಟಿಸ್ ಕೊಟ್ಟ ಮೇಲೆ ಆಕ್ಷೇಪಣೆಗೆ 30 ದಿನ ಕಾಯಬೇಕು. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ನೋಟಿಸ್ ಬಿದ್ದುಹೋಗುತ್ತದೆ.

ಈಗ ಅವಳ ಕಡೆಯ ಲೆಕ್ಕ ನೋಡಿ. ಯುಎಇಯಲ್ಲಿ ವರ್ಷಕ್ಕೆ 30 ದಿನ ರಜೆ. ಇಲ್ಲಿ ಕಾಯಬೇಕಾದದ್ದೂ 30 ದಿನ. ಇಡೀ ರಜೆ ತೆಗೆದುಕೊಂಡು ಬಂದು ಕೂತರೂ ಮದುವೆಯ ದಿನ ಅವಳು ವಿಮಾನದಲ್ಲಿರಬೇಕು! ನಮ್ಮ ನೋಂದಣಿ ಕಚೇರಿಯಲ್ಲಿ ನೋಟಿಸಿಗೆ ಇಬ್ಬರೂ ಖುದ್ದಾಗಿ ಬಂದು ಸಹಿ ಹಾಕಬೇಕು ಎಂದಿದ್ದರು. ಹಾಗಾಗಿ ರಜೆಯನ್ನು ಎರಡು ತುಂಡು ಮಾಡಿದೆವು. ಮೊದಲು ನಾಲ್ಕೈದು ದಿನಕ್ಕೆ ಬಂದು ನೋಟಿಸ್ ಕೊಟ್ಟು ಹೋಗುವುದು, ಆಮೇಲೆ ಬಂದು ಮದುವೆ. ದುಬೈಯಿಂದ ಮಂಗಳೂರಿನ ಬಜಪೆಗೆ ನೇರ ವಿಮಾನ ಇರುವುದು ನಮ್ಮ ಪುಣ್ಯ.

ಎರಡು ಸಲ ಬರಬೇಕಾದ್ದರಿಂದ 30 ದಿನದ ಇ-ಟೂರಿಸ್ಟ್ ವೀಸಾ ಬಿಟ್ಟು ಒಂದು ವರ್ಷದ್ದನ್ನು ತೆಗೆದುಕೊಂಡೆವು. ಅದರಲ್ಲಿ ಹಲವು ಸಲ ಒಳಗೆ ಬರಬಹುದು, ಬಜಪೆ ವಿಮಾನ ನಿಲ್ದಾಣದಲ್ಲೂ ನಡೆಯುತ್ತದೆ. ಆದರೆ ಇ-ವೀಸಾವನ್ನು ವಿಸ್ತರಿಸಲು, ಬೇರೆ ವೀಸಾಕ್ಕೆ ಬದಲಿಸಲು ಆಗುವುದಿಲ್ಲ ಎಂದು ಅದರ ಸೂಚನೆಯಲ್ಲೇ ಇದೆ. ಮದುವೆಯಾದ ಮೇಲೆ ಇಲ್ಲೇ ಉಳಿದುಬಿಡಬಹುದು ಎಂಬ ಆಸೆ ಇಟ್ಟುಕೊಳ್ಳಬೇಡಿ.

ಮದುವೆಯ ತಾರೀಕಿನಿಂದ ಹಿಂದಕ್ಕೆ ಎಣಿಸಿ ಒಂದು ಹಾಳೆ ಮಾಡಿದ್ದೆವು. ಅದರಲ್ಲಿ ಕಾಗದದ ಹೆಸರು, ಅದು ಯಾವಾಗ ಸಿಗುತ್ತದೆ, ಯಾವಾಗ ಸಾಯುತ್ತದೆ, ಅದನ್ನು ತೋರಿಸಿ ಮುಂದೆ ಯಾವ ಕಾಗದ ತೆಗೆಯಬೇಕು ಎಂಬ ನಾಲ್ಕು ಕಲಂ. ಇಬ್ಬರ ಫೋನಿನಲ್ಲೂ ಅದೇ ಹಾಳೆ. ಅಮ್ಮ ಅದಕ್ಕೆ ಇನ್ನೊಂದು ಷರತ್ತು ಸೇರಿಸಿದರು: ಮದುವೆ, ತುಳುನಾಡಿನಲ್ಲಿ ಶುಭಕಾರ್ಯ ಮಾಡದ ಆಟಿ ತಿಂಗಳಿಗೆ ಹೋಗಬಾರದು. ಮೇ ಕೊನೆಗೆ ನೋಟಿಸ್ ಕೊಟ್ಟರೆ ಜೂನ್ ಕೊನೆಗೆ 30 ದಿನ ಮುಗಿಯುತ್ತದೆ. ಜುಲೈ ಮಧ್ಯದಲ್ಲಿ ಆಟಿ ಶುರು. ಕಾಯ್ದೆಯ ಪ್ರಕಾರ ಆಗಸ್ಟ್ ಕೊನೆವರೆಗೂ ಸಮಯವಿದ್ದರೂ ನಮಗೆ ಉಳಿದದ್ದು ಎರಡು ವಾರದ ಸಂದು. ಅದೂ ಜಡಿಮಳೆಯಲ್ಲಿ, ಬಜಪೆಯಲ್ಲಿ ಇಳಿಯಲಾಗದೆ ವಿಮಾನಗಳು ಬೇರೆ ಊರಿಗೆ ತಿರುಗುವ ಕಾಲದಲ್ಲಿ. ಅಮ್ಮನ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿರಲಿಲ್ಲ. ದೇಶ, ಭಾಷೆ, ಧರ್ಮ ಎಲ್ಲವನ್ನೂ ಬದಿಗಿಟ್ಟು "ಆಳ್ ಬರಡ್, ತೂಕ" (ತುಳುವಿನಲ್ಲಿ, ಅವಳು ಬರಲಿ, ನೋಡೋಣ) ಎಂದವರು ಅವರು. ಅವರು ಕೇಳಿದ್ದು ಇದೊಂದನ್ನೇ.

ಅವಳ ಕಾಗದಗಳಲ್ಲಿ ಮುಖ್ಯವಾದದ್ದು ಸೆನೊಮಾರ್. ಮದುವೆಯ ದಾಖಲೆ ಇಲ್ಲ ಎಂದು ಫಿಲಿಪೈನ್ಸ್‌ನ ಅಂಕಿಅಂಶ ಪ್ರಾಧಿಕಾರ ಕೊಡುವ ಪತ್ರ ಅದು. ನಮ್ಮಲ್ಲಿ ಇಡೀ ದೇಶದ ಮದುವೆಗಳ ಒಂದೇ ದಾಖಲೆ ಇಲ್ಲದ್ದರಿಂದ ನಾವು ಅಫಿಡವಿಟ್ ಮಾಡಿಸುತ್ತೇವೆ. ಅಲ್ಲಿ ಅದನ್ನು ಸರ್ಕಾರವೇ ಬರೆದುಕೊಡುತ್ತದೆ. ಅವಳ ತಂಗಿ ಅದನ್ನೂ ಜನನ ಪತ್ರವನ್ನೂ ತೆಗೆಸಿ, ಅಲ್ಲಿನ ವಿದೇಶಾಂಗ ಇಲಾಖೆಯಲ್ಲಿ ಅಪೋಸ್ಟಿಲ್, ಅಂದರೆ ಒಪ್ಪಂದದ ಬೇರೆ ದೇಶಗಳೂ ಒಪ್ಪುವ ದೃಢೀಕರಣ, ಮಾಡಿಸಿ ಕಳಿಸಿದಳು. ಅಪೋಸ್ಟಿಲ್ ಒಪ್ಪಂದದಲ್ಲಿ ಭಾರತ 2005ರಿಂದ ಇದೆ, ಫಿಲಿಪೈನ್ಸ್ 2019ರಿಂದ. ಹಾಗಾಗಿ ರಾಯಭಾರ ಕಚೇರಿಯ ಮುದ್ರೆಗೆ ಮತ್ತೆ ಅಲೆಯಬೇಕಾಗಲಿಲ್ಲ. ಸೆನೊಮಾರ್ ಆರು ತಿಂಗಳಿಗಿಂತ ಹಳೆಯದಿರಬಾರದು ಎಂದು ನಮಗೆ ಹೇಳಿದ್ದರು. ಹಾಗಾಗಿ ಅದನ್ನು ಮೊದಲೇ ತೆಗೆಸಿಡದೆ, ವೀಸಾಕ್ಕೆ ಅರ್ಜಿ ಹಾಕುವ ತಿಂಗಳಲ್ಲೇ ತೆಗೆಸಿದೆವು. ಇದರ ಮೇಲೆ, ಅವಳು ಮದುವೆಯಾಗಲು ಅರ್ಹಳು ಎಂದು ಫಿಲಿಪೈನ್ಸ್ ರಾಯಭಾರ ಕಚೇರಿ ಕೊಡುವ ಪತ್ರವೂ ಬೇಕಾಯಿತು.

ಹೆಸರಿನ ವಿಷಯಕ್ಕೆ ನಾವು ಕೊಟ್ಟ ಸಮಯ ಬೇರೆ ಯಾವುದಕ್ಕೂ ಕೊಟ್ಟಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಕುಲನಾಮ. ಅವಳದು ಇನ್ನೊಂದು ರೀತಿ. ಫಿಲಿಪೈನ್ಸ್‌ನಲ್ಲಿ ತಾಯಿಯ ತವರಿನ ಕುಲನಾಮ ಮಕ್ಕಳಿಗೆ ಮಧ್ಯದ ಹೆಸರಾಗುತ್ತದೆ. ನಮ್ಮ ನಮೂನೆ ತುಂಬುವವರು ಮಧ್ಯದ ಹೆಸರು ಅಂದರೆ ತಂದೆಯದ್ದೇ ಎಂದುಕೊಳ್ಳುತ್ತಾರೆ. ಒಂದು ಕಾಗದದಲ್ಲಿ ಅದು ಬಿಟ್ಟುಹೋದರೆ ಇನ್ನೊಂದು ಕಚೇರಿಯವರ ಕಣ್ಣಿಗೆ ಅವಳು ಬೇರೆಯೇ ಹೆಂಗಸು. ನೋಟಿಸ್ ಟೈಪ್ ಮಾಡುವಾಗ ಗುಮಾಸ್ತರ ಪಕ್ಕದಲ್ಲೇ ನಿಂತು, ಪಾಸ್‌ಪೋರ್ಟ್ ತೆರೆದಿಟ್ಟು ಅಕ್ಷರ ಅಕ್ಷರ ಓದಿಸಿದೆವು. ವಿಳಾಸಕ್ಕೆ ಬಂದಾಗ ಅವರು "ಬರಾಂಗಾಯ್ ಅಂತ ಇದೆಯಲ್ಲ, ಇದು ಗ್ರಾಮವೋ ವಾರ್ಡೋ?" ಎಂದು ಕೇಳಿದರು. ನನ್ನ ಹೆಂಡತಿ ಎರಡೂ ಹೌದು ಎಂದು ವಿವರಿಸಿದಳು. ಅವರು ಸ್ವಲ್ಪ ಹೊತ್ತು ಯೋಚಿಸಿ, ಇದ್ದದ್ದನ್ನು ಇದ್ದ ಹಾಗೆಯೇ ಟೈಪ್ ಮಾಡಿದರು. ತುಂಬ ತಾಳ್ಮೆಯ ಮನುಷ್ಯ. ನನ್ನ ಮೂರು ಹೆಸರಿಗೂ ಒಬ್ಬನೇ ವ್ಯಕ್ತಿ ಎಂದು ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿ ಹಲವು ಪ್ರತಿ ಇಟ್ಟುಕೊಂಡೆ.

ಈ ನಡುವೆ ಒಬ್ಬ ಏಜೆಂಟ್ ಸಿಕ್ಕಿದ್ದ. "ಹುಡುಗಿ ಬರುವುದೇ ಬೇಡ ಮಾರಾಯ್ರೆ, ಸಹಿ ಎಲ್ಲ ನಾನು ನೋಡಿಕೊಳ್ತೇನೆ" ಎಂದ. ಅವಳು ಆ ದಿನ ಭಾರತದಲ್ಲಿ ಇರಲಿಲ್ಲ ಎಂದು ಪಾಸ್‌ಪೋರ್ಟಿನ ಮುದ್ರೆಯೇ ಸಾರಿ ಹೇಳುವಾಗ, ನೋಟಿಸಿನಲ್ಲಿ ಅವಳ ಸಹಿ ಬಿದ್ದಿದ್ದರೆ ಮುಂದಿನ ಪ್ರತಿ ವೀಸಾ ಅರ್ಜಿಗೂ ಅದು ಕುತ್ತು. ಹಣ ಉಳಿಯುತ್ತದೆ, ರಜೆ ಉಳಿಯುತ್ತದೆ ಎಂದು ಯಾರು ಹೇಳಿದರೂ ಈ ದಾರಿಗೆ ಹೋಗಬೇಡಿ.

ಕಾಯ್ದೆ ಪ್ರಕಾರ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಲ್ಲಿ ಹಾಕುತ್ತಾರೆ. ನಮ್ಮದರ ಫೋಟೊ ಎರಡೇ ದಿನದಲ್ಲಿ ನನ್ನ ಸೋದರಮಾವನ ಫೋನಿಗೆ ಬಂತು. ಯಾರು ತೆಗೆದರೋ, ಯಾಕೆ ತೆಗೆದರೋ! ಅದರಲ್ಲಿ ನಮ್ಮಿಬ್ಬರ ಮನೆ ವಿಳಾಸವೂ ಇತ್ತು. ಮನೆಯವರಿಗೆ ಮೊದಲೇ ಹೇಳಿದ್ದರಿಂದ ನಮಗೆ ತೊಂದರೆಯಾಗಲಿಲ್ಲ. ಹೇಳಲಾಗದ ಸ್ಥಿತಿಯಲ್ಲಿರುವ ಜೋಡಿಗೆ ಈ ಬೋರ್ಡೇ ದೊಡ್ಡ ಅಪಾಯ, ಅದರಲ್ಲೂ ನಮ್ಮ ಜಿಲ್ಲೆಯಲ್ಲಿ. ಪ್ರಕಟಣೆ ಬೇಕೋ ಬೇಡವೋ ಎಂಬುದನ್ನು ಜೋಡಿಯ ಇಚ್ಛೆಗೆ ಬಿಡಬೇಕು ಎಂದು ಅಲಹಾಬಾದ್ ಹೈಕೋರ್ಟ್ 2021ರಲ್ಲಿ ಹೇಳಿದೆ. ಅದು ನಮ್ಮಲ್ಲೂ ಬರಬೇಕೆಂದು ನಾನು ಬಯಸುತ್ತೇನೆ. ಒಂದು ಧೈರ್ಯದ ಮಾತೂ ಇದೆ. ಆಕ್ಷೇಪಣೆ ನಿಲ್ಲುವುದು ಮೊದಲೇ ಮದುವೆಯಾಗಿದ್ದರೆ, ವಯಸ್ಸು ಸಾಲದಿದ್ದರೆ, ಇಂಥ ಕಾಯ್ದೆಯಲ್ಲಿರುವ ಕಾರಣಗಳಿಗೆ ಮಾತ್ರ. ನೆಂಟರಿಗೆ ಇಷ್ಟವಿಲ್ಲ ಎನ್ನುವುದು ಕಾರಣವಲ್ಲ.

ಅವಳು ನಮ್ಮ ಮನೆಯಲ್ಲಿ ಉಳಿದಾಗಲೆಲ್ಲ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಫಾರ್ಮ್ ಸಿ ತುಂಬಿದೆ. ಅದು ಹೋಟೆಲಿನವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಮನೆಯಲ್ಲಿ ವಿದೇಶಿಯರನ್ನು ಇರಿಸಿಕೊಂಡರೂ ತಿಳಿಸಬೇಕು. 2025ರಲ್ಲಿ ಹೊಸ ವಲಸೆ ಕಾಯ್ದೆ ಜಾರಿಗೆ ಬಂದಿದೆ, ಈಗಿನ ನಮೂನೆ ಯಾವುದೆಂದು ನೋಡಿಕೊಂಡು ತುಂಬಿ.

ಮದುವೆ ಜುಲೈ ಮೊದಲ ವಾರ ಆಯಿತು. ಮೂವರು ಸಾಕ್ಷಿಗಳು ಬೇಕು, ಅಕ್ಕ, ಭಾವ, ಒಬ್ಬ ಗೆಳೆಯ ಬಂದರು. ಘೋಷಣೆಯ ವಾಕ್ಯವನ್ನು ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ ಹೇಳಬಹುದು, ನಾವು ಇಂಗ್ಲಿಷಿನಲ್ಲಿ ಹೇಳಿದೆವು. ಅವಳ ಅಮ್ಮ ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದರು, ಅಲ್ಲಿ ಆಗ ಮಧ್ಯಾಹ್ನದ ಊಟ ಮುಗಿದ ಹೊತ್ತು. ಇಗರ್ಜಿಯ ಮದುವೆಗೆ ಬಿಷಪರ ವಿಶೇಷ ಅನುಮತಿ ಬೇಕು. ಆ ಮದುವೆಯನ್ನು ಅವಳ ಅಮ್ಮನ ಆಸೆಯಂತೆ ಆಮೇಲೆ ಇಲೋಯ್ಲೋದಲ್ಲೇ ಮಾಡಿದೆವು.

ಮದುವೆಯಾದ ಮೇಲೂ ಕೆಲವು ತಿಂಗಳು ದೂರವೇ. ಅವಳು ದುಬೈಗೆ ಮರಳಿ, ಭಾರತೀಯರ ಪತ್ನಿಗೆ ಕೊಡುವ ಎಂಟ್ರಿ ವೀಸಾಕ್ಕೆ ಅರ್ಜಿ ಹಾಕಿದಳು. ಎಲ್ಲರೂ ಅದನ್ನು ಎಕ್ಸ್ ವೀಸಾ ಎನ್ನುತ್ತಾರೆ. ಮದುವೆ ಪತ್ರ, ನನ್ನ ಪಾಸ್‌ಪೋರ್ಟ್, ನಮ್ಮ ಮನೆಯ ವಿಳಾಸದ ದಾಖಲೆ ಕೇಳಿದರು. ಜೊತೆಗೆ ನಮ್ಮ ಮದುವೆಯನ್ನು ಅವಳ ದೇಶದಲ್ಲಿ ದಾಖಲಿಸಲು ದೆಹಲಿಯ ಫಿಲಿಪೈನ್ಸ್ ರಾಯಭಾರ ಕಚೇರಿಗೆ ಮದುವೆ ವರದಿ ಕಳಿಸಿದೆವು. ಇದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಬಿಟ್ಟರೆ ಅವರ ಸರ್ಕಾರದ ಲೆಕ್ಕದಲ್ಲಿ ಅವಳು ಇನ್ನೂ ಅವಿವಾಹಿತೆ. ಪಾಸ್‌ಪೋರ್ಟಿನಲ್ಲಿ ಗಂಡನ ಕುಲನಾಮ ಹಾಕಿಸುವುದಕ್ಕೂ ಅದು ಬೇಕು.

ಕೆಲಸ ಬಿಟ್ಟು ಊರಿಗೆ ಹೋಗಿ ಅಲ್ಲಿಂದ ಭಾರತಕ್ಕೆ ಹೊರಡುವಾಗ ಇನ್ನೊಂದು ಬಾಗಿಲು ಇತ್ತು. ವಿದೇಶಿಯರನ್ನು ಮದುವೆಯಾಗಿ ದೇಶ ಬಿಡುವ ಫಿಲಿಪಿನೊಗಳು ಅಲ್ಲಿನ ಸಾಗರೋತ್ತರ ಆಯೋಗದ ಸಲಹಾ ಶಿಬಿರಕ್ಕೆ ಹೋಗಿ ಪ್ರಮಾಣಪತ್ರ ತರಬೇಕು. ಇಲ್ಲದಿದ್ದರೆ ಮನಿಲಾದ ಇಮಿಗ್ರೇಶನ್‌ನಲ್ಲೇ ತಡೆದು ವಾಪಸ್ ಕಳಿಸಬಹುದು. ಅದಕ್ಕೆ ಅವರು 'ಆಫ್‌ಲೋಡ್' ಎನ್ನುತ್ತಾರೆ, ಆ ಶಬ್ದ ಕೇಳಿದರೇ ನನ್ನ ಹೆಂಡತಿಗೆ ಹೆದರಿಕೆ. ಗಂಡ ಏನು ಕೆಲಸ ಮಾಡುತ್ತಾನೆ, ಅತ್ತೆ ಮಾವ ಜೊತೆಗಿರುತ್ತಾರಾ, ಕಷ್ಟ ಬಂದರೆ ಯಾರಿಗೆ ಫೋನ್ ಮಾಡುತ್ತೀ ಎಂದೆಲ್ಲ ಕೇಳಿದರಂತೆ. ಕೆಲವರಿಗೆ ಇದು ಕಿರುಕುಳ ಅನಿಸುತ್ತದೆ. ನನಗೆ ಹಾಗೆ ಅನಿಸಲಿಲ್ಲ. ಮದುವೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಸಾಗಿಸುವುದನ್ನು ಕಂಡ ದೇಶ ಅದು, 1990ರಲ್ಲೇ ಇದರ ವಿರುದ್ಧ ಕಾನೂನು ಮಾಡಿದೆ. ನಮ್ಮ ಮನೆಮಗಳು ಗುರುತಿಲ್ಲದ ದೇಶಕ್ಕೆ ಹೊರಟರೆ ಯಾರಾದರೂ ಅಷ್ಟು ಕೇಳಲಿ ಎಂದು ನಾವೂ ಬಯಸುತ್ತೇವೆ.

ಇಲ್ಲಿಗೆ ಬಂದ ಮೇಲೆ 14 ದಿನದೊಳಗೆ ನೋಂದಣಿ. ಈಗ ಅದು ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ಆಗುತ್ತದೆ, ಬೆಂಗಳೂರಿಗೆ ಓಡಬೇಕಾಗಿಲ್ಲ. ಪೊಲೀಸರು ಮನೆಗೆ ಬಂದು ವಿಚಾರಿಸಿದರು. ಅಮ್ಮ ಅವರಿಗೆ ಚಾ ಕೊಟ್ಟು ಮದುವೆಯ ಆಲ್ಬಮ್ ತೋರಿಸಿದರು.

ಅವಳ ಎಕ್ಸ್ ವೀಸಾದ ಮೇಲೆ ಕೆಲಸ ಮಾಡುವಂತಿಲ್ಲ ಎಂದೇ ಇತ್ತು. ವರ್ಷಗಟ್ಟಲೆ ಐಸಿಯುನಲ್ಲಿ ದುಡಿದವಳು ಮನೆಯಲ್ಲಿ ಕೂತಳು. ದೂರವಿದ್ದ ದಿನಗಳಿಗಿಂತ ಈ ದಿನಗಳೇ ಅವಳಿಗೆ ಭಾರವಾದದ್ದು. ಇದನ್ನು ಮದುವೆಗೆ ಮುಂಚೆಯೇ ಕೂತು ಮಾತಾಡಿ, ಹಣದ ಲೆಕ್ಕ ಸಮೇತ. ಮದುವೆ ರಿಜಿಸ್ಟರ್ ಆಗಿ, ಮುರಿಯದೆ ಸತತ ಎರಡು ವರ್ಷ ಉಳಿದ ಮೇಲೆ ವಿದೇಶಿ ಪತ್ನಿ ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಭಾರತದಲ್ಲೇ ಹಾಕಿದರೆ ಶುಲ್ಕ 15,000 ರೂಪಾಯಿ. ಒಸಿಐ ಇರುವವರು ಇಲ್ಲಿ ನರ್ಸ್ ಆಗಿ ದುಡಿಯಲು ಅವಕಾಶವಿದೆ, ಆದರೆ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಬೇಕು. ಮದುವೆ ಮುರಿದರೆ ಈ ಕಾರ್ಡ್ ರದ್ದಾಗುತ್ತದೆ ಎಂಬುದನ್ನೂ ಅವಳಿಗೆ ನಾನೇ ಹೇಳಿದ್ದೆ. ಅವಳ ಇಡೀ ಬದುಕಿನ ಕಾಗದ ನನ್ನ ಹೆಸರಿಗೆ ಅಂಟಿಕೊಂಡಿರುವಾಗ ಅದು ಅವಳಿಗೆ ತಿಳಿದಿರಬೇಕು.

ಕಾರ್ಡ್ ಬಂದಿದೆ. ನೋಂದಣಿಗೆ ಬೇಕಾದ ಅಂಕಪಟ್ಟಿಗಳು ಇಲೋಯ್ಲೋದ ಕಾಲೇಜಿನಿಂದ ಬರಬೇಕು. ಅದಕ್ಕಾಗಿ ಅವಳ ತಂಗಿಯ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದು, ಅಪೋಸ್ಟಿಲ್ ಮಾಡಿಸಿ ಕಳಿಸಿದ್ದೇವೆ. ಅಂಕಪಟ್ಟಿಗಳು ಬಂದ ತಕ್ಷಣ ಅರ್ಜಿ ಹಾಕಲು ಉಳಿದ ಕಾಗದವೆಲ್ಲ ಸಿದ್ಧವಿದೆ.